ಬೀರುವಿನಲ್ಲಿದ್ದ 31 ಖಾಲಿ ಚೆಕ್ಕುಗಳು

(ಗುರುತು ಸಿಗದಂತೆ ಊರು, ವಯಸ್ಸು, ಕೆಲವು ಅಂಕಿಗಳನ್ನು ಬದಲಿಸಿದೆ.)

ಆಪ್ತಸಲಹೆಗೆ ಬಂದವರು ಗೋಡೆ ಕಟ್ಟುವ ಸಿಮೆಂಟಿನ ಸಾಲಿಡ್ ಬ್ಲಾಕ್ ತಯಾರಿಸುವ ಸಣ್ಣ ಘಟಕದ ಮಾಲೀಕರು, ತಾಲ್ಲೂಕಿನ ಬ್ಲಾಕ್ ತಯಾರಕರ ಸಂಘದ ಖಜಾಂಚಿ. ಹೇಳಿಕೊಂಡ ತೊಂದರೆ ನಿದ್ದೆಯದು. ಎರಡು ತಿಂಗಳಿಂದ ಬೆಳಗಿನ ಜಾವ ಮೂರಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ. ಸಂಘದ ವಾಟ್ಸಾಪ್ ಗುಂಪಿನ ಸದ್ದು ಕೇಳಿದರೆ ಎದೆ ಡವಡವ. ವೈದ್ಯರ ತಪಾಸಣೆಯಲ್ಲಿ ಏನೂ ಕಂಡಿರಲಿಲ್ಲ.

ಅರ್ಧ ಗಂಟೆ ಮಾತಾಡಿದ ಮೇಲೆ ಬೀರುವಿನ ವಿಷಯ ಬಂತು. ಆರಿಂಚಿನ ಬ್ಲಾಕನ್ನು 42 ರೂಪಾಯಿಗಿಂತ ಕಡಿಮೆಗೆ ಯಾರೂ ಮಾರಕೂಡದೆಂದು ಸಂಘ ತೀರ್ಮಾನಿಸಿತ್ತು. ಮಾತು ತಪ್ಪದಿರಲೆಂದು ಪ್ರತಿ ಸದಸ್ಯನಿಂದ ಮೊತ್ತ, ತಾರೀಖು ಬರೆಯದ, ಸಹಿ ಮಾತ್ರ ಹಾಕಿದ ಒಂದೊಂದು ಚೆಕ್ ಪಡೆದಿತ್ತು. ಒಟ್ಟು 31. ರಬ್ಬರ್ ಬ್ಯಾಂಡ್ ಹಾಕಿದ ಆ ಕಟ್ಟು ಇವರ ಮನೆಯ ಬೀರುವಿನಲ್ಲಿ, ಹೆಂಡತಿಯ ಸೀರೆಗಳ ಕೆಳಗೆ. ಈಗ ಒಬ್ಬ ಸದಸ್ಯ ಅಪಾರ್ಟ್‌ಮೆಂಟ್ ಕೆಲಸವೊಂದಕ್ಕೆ 38 ರೂಪಾಯಿಗೆ ಲೋಡ್ ಕಳಿಸಿದ್ದಾನೆ. "ಅವನ ಚೆಕ್ಕಿಗೆ ಇಪ್ಪತ್ತೈದು ಸಾವಿರ ಬರೆದು ಬ್ಯಾಂಕಿಗೆ ಹಾಕು. ಯಾವ ಗಾಡಿಯವರೂ ಅವನ ಲೋಡ್ ಎತ್ತಬಾರದು ಅಂತ ಗುಂಪಲ್ಲೂ ಹಾಕು" ಎಂದು ಅಧ್ಯಕ್ಷರ ಆಜ್ಞೆ. ಅಧ್ಯಕ್ಷರು ಇವರ ಅಕ್ಕನ ಗಂಡ. ಕೊರೊನಾ ಕಾಲದಲ್ಲಿ ಯಂತ್ರದ ಸಾಲದ ಕಂತು ಕಟ್ಟಿಕೊಟ್ಟವರೂ ಅವರೇ.

"ಸರ್, ಆರೋಗ್ಯ ಸರಿಯಿಲ್ಲ ಅಂತ ರಾಜೀನಾಮೆ ಕೊಟ್ಟು ಸುಮ್ಮನಾಗಿಬಿಡ್ಲಾ?" ಎಂಬುದು ಇವರ ಪ್ರಶ್ನೆ.

ಮೊದಲು ಬಿಡಿಸಬೇಕಿದ್ದದ್ದು ಋಣದ ಗಂಟು. ಒಂದು ಹಾಳೆಯಲ್ಲಿ ಎರಡು ಸಾಲು ಬರೆಯಲು ಹೇಳಿದೆವು: ಭಾವನಿಗೆ ನಾನು ಏನು ಕೊಡಬೇಕು, ಭಾವ ನನ್ನಿಂದ ಏನು ಕೇಳುತ್ತಿದ್ದಾರೆ. ಮೊದಲ ಸಾಲಿನಲ್ಲಿ ಕಂತಿನ ಹಣ ಬಂತು. ಅದನ್ನು ಆಗಲೇ ತೀರಿಸಿದ್ದರು. ಎರಡನೆಯದರಲ್ಲಿ ಇನ್ನೊಬ್ಬನ ಚೆಕ್. ಹಾಳೆಯನ್ನು ಬಹಳ ಹೊತ್ತು ನೋಡುತ್ತ ಕೂತರು.

ಆಮೇಲೆ ಕಾನೂನಿನ ಮಾತು: ಒಂದೇ ವ್ಯಾಪಾರದವರು ಕೂಡಿ ದರ ಕಟ್ಟುವುದು ಸ್ಪರ್ಧಾ ಕಾಯ್ದೆಗೆ ವಿರುದ್ಧ. "ಇದೆಲ್ಲ ಸಿಮೆಂಟ್ ಕಂಪನಿಗಳಿಗೆ, ನಮ್ಮಂಥ ಸಣ್ಣವರಿಗಲ್ಲ" ಎಂಬ ನಂಬಿಕೆ ಇವರದ್ದೂ ಆಗಿತ್ತು. ದಂಡ ತೆತ್ತಿರುವುದು ದೊಡ್ಡ ಕಂಪನಿಗಳಷ್ಟೇ ಅಲ್ಲ. ಡಬ್ಬಿಂಗ್ ತಡೆದ ಪ್ರಕರಣದಲ್ಲಿ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ದಂಡ ಹಾಕಿದ್ದು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ. ಅದೂ ಒಂದು ಉದ್ಯಮದವರ ಸಂಘವೇ. ಸ್ಪರ್ಧಾ ಕಾಯ್ದೆ 2002ರ ಸೆಕ್ಷನ್ 3(3)ರ ಪ್ರಕಾರ ಒಂದೇ ವ್ಯಾಪಾರದವರು ಸೇರಿ ದರ ಕಟ್ಟುವುದು, ಪೂರೈಕೆ ತಡೆಯುವುದು, ಗಿರಾಕಿಗಳನ್ನು ಹಂಚಿಕೊಳ್ಳುವುದು, ಟೆಂಡರಿಗೆ 'ಸಪೋರ್ಟಿಂಗ್ ಕೊಟೇಷನ್' (ಇನ್ನೊಬ್ಬ ಗೆಲ್ಲಲೆಂದು ಬೇಕೆಂದೇ ಹೆಚ್ಚಿನ ದರ ಬರೆದ ತೋರಿಕೆಯ ಕೊಟೇಷನ್) ಕೊಡುವುದು ಇವೆಲ್ಲ ಸ್ಪರ್ಧೆಗೆ ಧಕ್ಕೆ ತರುತ್ತವೆಂದೇ ಭಾವಿಸಲಾಗುತ್ತದೆ. ಸಂಘದ ತೀರ್ಮಾನಕ್ಕೂ ಇದು ಅನ್ವಯ. ಕಾರ್ಟೆಲ್ (ಹೀಗೆ ಕೂಡಿಕೊಂಡ ಕೂಟ) ನಡೆದ ಒಂದೊಂದು ವರ್ಷಕ್ಕೂ ಆ ವರ್ಷದ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇ. 10, ಯಾವುದು ಹೆಚ್ಚೋ ಅಲ್ಲಿಯವರೆಗೆ ದಂಡ ಹಾಕಬಹುದು. ಸೆಕ್ಷನ್ 48 ಪದಾಧಿಕಾರಿಗಳನ್ನೂ ಬಿಡುವುದಿಲ್ಲ.

ಇಂಥ ಕಡೆ ಬಹುತೇಕರು ಎಡವುವುದು ಮೌನದಲ್ಲಿ. ಸಭೆಯಲ್ಲಿ ಕೂತು ಚಹಾ ಕುಡಿದು, ಬಾಯಿ ಬಿಡದೆ ಎದ್ದು ಬಂದವನೂ ಒಪ್ಪಿದವನೆಂದೇ ಓದಲು ಬರುತ್ತದೆ. 'ಆರೋಗ್ಯ'ದ ರಾಜೀನಾಮೆಯ ತೊಡಕೂ ಅದೇ: ಅದರಲ್ಲಿ ವಿರೋಧದ ಒಂದಕ್ಷರವೂ ಇರುವುದಿಲ್ಲ, ಚೆಕ್ಕಿನ ಕಟ್ಟು ಮುಂದಿನ ಖಜಾಂಚಿಯ ಬೀರುವಿಗೆ ಹೋಗುತ್ತದೆ.

ಕೊಟ್ಟ ಸಲಹೆ ಹೀಗಿತ್ತು. ಯಾವ ಚೆಕ್ಕಿನ ಮೇಲೂ ಏನನ್ನೂ ಬರೆಯಬೇಡಿ. ಕಾನೂನುಬಾಹಿರ ಉದ್ದೇಶದ ಒಪ್ಪಂದ ಅನೂರ್ಜಿತ. ಅದರಿಂದ ಹುಟ್ಟಿದ 'ದಂಡ' ವಸೂಲಿಗೆ ಅರ್ಹವಾದ ಸಾಲವಾಗುವುದಿಲ್ಲ. ಕಟ್ಟನ್ನು ಅಧ್ಯಕ್ಷರಿಗೂ ಕೊಡಬೇಡಿ, ಹರಿದು ಹಾಕಲೂಬೇಡಿ. ರಿಜಿಸ್ಟರಿನಲ್ಲಿ ಸದಸ್ಯನ ಹೆಸರು, ಬ್ಯಾಂಕ್, ಚೆಕ್ ನಂಬರ್, ಹಿಂದಿರುಗಿಸಿದ ದಿನ ಬರೆದು, ಸಹಿ ಪಡೆದು ಅವರವರ ಕೈಗೇ ಒಪ್ಪಿಸಿ. ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ. (ಇವರು ಆಗಲೇ ತಮ್ಮ ಎರಡು ಸಂದೇಶ ಅಳಿಸಿದ್ದರು. ಮೂವತ್ತು ಫೋನಿನಲ್ಲಿ 'ಈ ಸಂದೇಶ ಅಳಿಸಲಾಗಿದೆ' ಎಂದು ಕಾಣುವುದು ಮುಚ್ಚಿಟ್ಟಂತೆಯೇ ಸರಿ.) ಸ್ಪರ್ಧಾ ಕಾನೂನು ಬಲ್ಲ ವಕೀಲರನ್ನು ಕಾಣಿ. ಆಯೋಗದ ಮುಂದೆ ಮೊದಲು ಹೋಗಿ ಪೂರ್ತಿ, ನಿಜ ಮಾಹಿತಿ ಕೊಟ್ಟವರಿಗೆ ಸೆಕ್ಷನ್ 46ರಡಿ ದಂಡದಲ್ಲಿ ಶೇ. 100ರವರೆಗೂ ರಿಯಾಯಿತಿ ಸಿಗಬಹುದು. ಹೋಗಬೇಕೋ ಬೇಡವೋ ಎಂಬುದು ವಕೀಲರ ಜೊತೆ ಕೂತು ನಿರ್ಧರಿಸುವ ಮಾತು, ಆಪ್ತಸಲಹೆಯಲ್ಲಿ ತೀರುವುದಲ್ಲ.

ಪತ್ರವನ್ನು ಇಲ್ಲೇ ಕೂತು ಅವರೇ ಬರೆದರು. ನಾಲ್ಕನೆಯ ಕರಡು ಹೀಗಿತ್ತು:

"ಅಧ್ಯಕ್ಷರಿಗೆ. ದರ ನಿಗದಿ ಮಾಡಿದ ತೀರ್ಮಾನಕ್ಕೆ ನನ್ನ ಒಪ್ಪಿಗೆ ಇಲ್ಲ. ಇಂದಿನಿಂದ ನನ್ನ ಘಟಕದ ದರವನ್ನು ನಾನೇ ನಿರ್ಧರಿಸುತ್ತೇನೆ. ನನ್ನ ಬಳಿಯಿರುವ ಚೆಕ್ಕುಗಳನ್ನು ಆಯಾ ಸದಸ್ಯರಿಗೆ ಹಿಂದಿರುಗಿಸುತ್ತೇನೆ. ಯಾವ ಸದಸ್ಯನ ಲೋಡ್ ತಡೆಯುವುದರಲ್ಲೂ ನಾನು ಭಾಗಿಯಲ್ಲ. ಈ ಪತ್ರವನ್ನು ನಡಾವಳಿಯಲ್ಲಿ ಸೇರಿಸಲು ಕೋರುತ್ತೇನೆ."

ಮೊದಲ ಕರಡಿನಲ್ಲಿ ಮೂರು ಸಲ 'ದಯವಿಟ್ಟು ಕ್ಷಮಿಸಿ' ಇತ್ತು. ಅದನ್ನು ಹೊಡೆದವರೂ ಅವರೇ.

ಸಂಘವನ್ನೇ ಬಿಡಬೇಕಿಲ್ಲ ಎಂದಾಗ ಮುಖ ಸ್ವಲ್ಪ ಹಗುರಾಯಿತು. ಎಂ-ಸ್ಯಾಂಡ್ ಅಭಾವ, ಜಿಎಸ್‌ಟಿ ಬಗ್ಗೆ ಸರ್ಕಾರಕ್ಕೆ ಮನವಿ ಕೊಡಬಹುದು. ಎಲ್ಲರೂ ಸೇರಿ ಬ್ಲಾಕ್ ಪರೀಕ್ಷೆ ಮಾಡಿಸಬಹುದು. ಬ್ಲಾಕುಗಳ ಭಾರತೀಯ ಮಾನದಂಡ ಐಎಸ್ 2185ರಲ್ಲಿ ಸಾಲಿಡ್ ಬ್ಲಾಕಿನ ಸಿ 4.0 ದರ್ಜೆಗೆ ಸರಾಸರಿ 4, ಬಿಡಿ ಬ್ಲಾಕಿಗೆ ಕನಿಷ್ಠ 3.2 ನ್ಯೂಟನ್ ಪ್ರತಿ ಚದರ ಮಿ.ಮೀ. ಒತ್ತಡ ತಾಳುವ ಶಕ್ತಿ ಬೇಕು. ಸರಿಯಾಗಿ ನೀರುಣಿಸದೆ ಮೂರೇ ದಿನಕ್ಕೆ ಲೋಡ್ ಎತ್ತುವ ಸದಸ್ಯನನ್ನು ಪ್ರಶ್ನಿಸುವುದು ಸಂಘದ ಕೆಲಸ, 38ಕ್ಕೆ ಮಾರಿದವನನ್ನಲ್ಲ. ಹಣ ಕೊಡದ ಗುತ್ತಿಗೆದಾರನಿಗೆ ಸಾಲ ಕೊಡಬೇಕೋ ಬೇಡವೋ ಎಂಬುದನ್ನೂ ಒಬ್ಬೊಬ್ಬರೇ ತೀರ್ಮಾನಿಸಬೇಕು. ಎಲ್ಲರೂ ಕೂಡಿ ಬಹಿಷ್ಕಾರ ಹಾಕಿದರೆ ಮತ್ತೆ ಅದೇ ಗುಂಡಿ. ಸಭೆಯಲ್ಲಿ ದರದ ಮಾತು ಎದ್ದರೆ ತಕ್ಷಣ ಆಕ್ಷೇಪಿಸಿ, ಹೊರನಡೆದು, ಎದ್ದ ಸಮಯವನ್ನು ನಡಾವಳಿಯಲ್ಲಿ ಬರೆಸಬೇಕು.

ಭಾವನಿಗೆ ಏನು ಹೇಳುವುದು? ಪತ್ರ ಅಂಚೆಗೆ ಹೋಗುವ ಮುಂಚೆ ಮನೆಗೇ ಹೋಗಿ, ಎರಡೇ ಮಾತಿನಲ್ಲಿ ಹೇಳಲು ಅಭ್ಯಾಸ ಮಾಡಿಸಿದೆವು: "ಭಾವ, ನಿಮ್ಮ ಉಪಕಾರ ಮರೆತಿಲ್ಲ. ಈ ಚೆಕ್ ಮಾತ್ರ ನನ್ನ ಕೈಲಿ ಆಗಲ್ಲ." ವಾದಕ್ಕೆ ನಿಲ್ಲದೆ ಅದನ್ನೇ ಮತ್ತೆ ಹೇಳಿ ಎದ್ದು ಬರುವುದು.

ಮೂರು ವಾರದ ನಂತರ ಬಂದರು. 28 ಚೆಕ್ ವಾಪಸಾಗಿದ್ದವು. ನಿದ್ದೆ ಐದರವರೆಗೆ ಬರುತ್ತಿದೆ. ಭಾವ ಮಾತಾಡುತ್ತಿಲ್ಲ, ಅವರ ಚೆಕ್ಕನ್ನು ಅಕ್ಕ ತಾನೇ ಸಹಿ ಹಾಕಿ ಇಸಿದುಕೊಂಡಿದ್ದರು. ಖಾತೆದಾರರ ಸಹಿ ಇಲ್ಲದ್ದರಿಂದ ಆ ಚೆಕ್ಕಿನ ನಂಬರ್ ಬರೆದು ಭಾವನ ಹೆಸರಿಗೆ ಒಂದು ಪತ್ರ, ಬೇಡವೆಂದ ಉಳಿದ ಮೂವರಿಗೆ ಅವರವರ ಚೆಕ್ಕು, ನಾಲ್ಕನ್ನೂ ಸ್ವೀಕೃತಿ ಚೀಟಿಯೊಂದಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಲು ಹೇಳಿದೆವು.