ಓದುಗರ ಪ್ರಶ್ನೆ, ನಮ್ಮ ಉತ್ತರ: ಹೊಸ ಟ್ಯಾಬ್ ಬಿಡುಗಡೆಯಾಗಿದೆ, ಅಂಗಡಿಗೆ ಬಂದಿಲ್ಲ

ಹೊಸ ಟ್ಯಾಬ್ಲೆಟ್ ಕಂಪ್ಯೂಟರುಗಳು ಬಿಡುಗಡೆಯಾದಾಗಲೆಲ್ಲ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಬರುತ್ತವೆ. ಈ ಸಲ ವಿಜಯಪುರ, ಬಾಗಲಕೋಟೆ, ಬೆಳಗಾವಿ ಜಿಲ್ಲೆಗಳಿಂದ ಬಂದವುಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಉಳಿದ ಪ್ರಶ್ನೆಗಳ ಬೇರು ಮೊದಲನೆಯದರಲ್ಲಿಯೇ ಇರುವುದರಿಂದ ಅದಕ್ಕೆ ದೀರ್ಘವಾಗಿ ಉತ್ತರಿಸಬೇಕಾಯಿತು.

ಪ್ರಶ್ನೆ: ನಮ್ಮದು ಒಣದ್ರಾಕ್ಷಿ ಮಾಡುವ ಮನೆತನ. ಬಿ.ಎಸ್‌ಸಿ. ಓದುತ್ತಿರುವ ಮಗಳಿಗಾಗಿ, ಹೊಸದಾಗಿ ಬಿಡುಗಡೆಯಾದ ಟ್ಯಾಬ್‌ಗೆ ವಿಜಯಪುರದ ಅಂಗಡಿಯೊಂದರಲ್ಲಿ 2,000 ರೂಪಾಯಿ ಮುಂಗಡ ಕೊಟ್ಟು ಮೂರು ವಾರವಾಯಿತು. ಕೇಳಿದಾಗಲೆಲ್ಲ ‘ಮ್ಯಾಲಿಂದನ ಮಾಲ್ ಬಂದಿಲ್ರೀ’ ಎಂಬ ಉತ್ತರ. ಬೆಂಗಳೂರಿನಲ್ಲಿರುವ ನಮ್ಮ ಅಳಿಯನಿಗೆ ಎರಡೇ ದಿನದಲ್ಲಿ ಸಿಕ್ಕಿತು. ಬೆಲೆ ಏರಿಸಲೆಂದೇ ಕಂಪನಿಯವರು ಮಾಲನ್ನು ತಡೆಹಿಡಿಯುತ್ತಾರೆಯೇ?
— ಓದುಗರು, ತಿಕೋಟಾ

ಉತ್ತರ: ನಿಮಗೆ ಈ ಅನುಮಾನ ಬಂದದ್ದು ಸಹಜ, ಏಕೆಂದರೆ ನಿಮ್ಮ ಸರಕಿನಲ್ಲಿ ಹಾಗೆ ಮಾಡಲು ಸಾಧ್ಯವಿದೆ. ದರ ಕುಸಿದಾಗ ಒಣದ್ರಾಕ್ಷಿಯನ್ನು ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು ಕೆಲವು ತಿಂಗಳು ಕಾದರೆ, ಬಾಡಿಗೆ ಕಳೆದೂ ನಾಲ್ಕು ಕಾಸು ಉಳಿಯುವ ಆಸೆ ಇರುತ್ತದೆ. ಟ್ಯಾಬ್‌ಗೆ ಅಂಥ ಭಾಗ್ಯವಿಲ್ಲ. ಗೋದಾಮಿನಲ್ಲಿ ಕುಳಿತಷ್ಟೂ ಅದು ಹಳೆಯದಾಗುತ್ತದೆ. ಎದುರಾಳಿ ಕಂಪನಿಯ ಮಾದರಿಯೊಂದು ಬಂದರಂತೂ ಅದನ್ನು ಕೇಳುವವರೇ ಕಡಿಮೆಯಾಗುತ್ತಾರೆ. ಆದ್ದರಿಂದ ತಯಾರಾದ ಮಾಲನ್ನು ಬಚ್ಚಿಡುವುದರಲ್ಲಿ ಕಂಪನಿಗೆ ಲಾಭಕ್ಕಿಂತ ಅಪಾಯವೇ ಹೆಚ್ಚು.

ಹಾಗಾದರೆ ಕೊರತೆ ಎಲ್ಲಿಂದ ಬಂತು? ಎಪಿಎಂಸಿಯಲ್ಲಿ ಉಳ್ಳಾಗಡ್ಡಿಯ ಆವಕ ಕಡಿಮೆಯಾದ ದಿನ ಸವಾಲಿನಲ್ಲಿ ದರ ಏರುತ್ತದೆ, ಏರಿದ ದರಕ್ಕೆ ಕೊಳ್ಳಲಾರದವರು ಹಿಂದೆ ಸರಿಯುತ್ತಾರೆ, ಸಂಜೆಯ ಹೊತ್ತಿಗೆ ಬಂದ ಮಾಲಿಗೂ ಉಳಿದ ಗಿರಾಕಿಗಳಿಗೂ ತಾಳೆಯಾಗುತ್ತದೆ. ಟ್ಯಾಬ್‌ನ ಬೆಲೆಯನ್ನಾದರೋ ಕಂಪನಿಯು ಬಿಡುಗಡೆಯ ಹೊತ್ತಿಗೇ ಘೋಷಿಸಿಬಿಟ್ಟಿರುತ್ತದೆ. ಪೆಟ್ಟಿಗೆಯ ಮೇಲೆ ಎಂಆರ್‌ಪಿ ಅಚ್ಚಾಗಿರುತ್ತದೆ. ನೂರು ಜನ ಕೇಳಿ ನಲವತ್ತೇ ಬಂದಿದ್ದರೂ ಬೆಲೆ ಅಲುಗಾಡುವಂತಿಲ್ಲವಾದ್ದರಿಂದ, ಉಳಿದ ಅರವತ್ತು ಮಂದಿ ರೂಪಾಯಿಯ ಬದಲು ದಿನಗಳನ್ನು ತೆರಬೇಕಾಗುತ್ತದೆ. ನಿಮ್ಮ ಮೂರು ವಾರ ಆ ಲೆಕ್ಕಕ್ಕೆ ಸೇರಿದ್ದು.

ಎಷ್ಟು ತಯಾರಿಸಬೇಕೆಂಬುದನ್ನು ಕಂಪನಿ ತಿಂಗಳುಗಳ ಮೊದಲೇ ಊಹಿಸಿ, ಪರದೆ, ಮೆಮೊರಿ, ಬ್ಯಾಟರಿಗಳಿಗೆ ಬೇರೆ ಬೇರೆ ಕಾರ್ಖಾನೆಗಳಿಗೆ ಹೇಳಿಟ್ಟಿರಬೇಕು. ಊಹೆ ತಪ್ಪುವುದು ಹೊಸದೇನಲ್ಲ. ಆ್ಯಪಲ್ ಕಂಪನಿ ಮೊದಲ ಐಪ್ಯಾಡನ್ನು ಅಮೆರಿಕದಲ್ಲಿ ಮಾರಾಟಕ್ಕಿಟ್ಟದ್ದು 2010ರ ಏಪ್ರಿಲ್ 3ರಂದು. ಮೊದಲ ದಿನವೇ 3 ಲಕ್ಷ, 28 ದಿನಗಳಲ್ಲಿ 10 ಲಕ್ಷ ಖರ್ಚಾದವು. ಏಪ್ರಿಲ್ ಕೊನೆಗೆ ಬೇರೆ ದೇಶಗಳಿಗೂ ಕೊಡುವುದಾಗಿ ಹೇಳಿದ್ದ ಕಂಪನಿ ಅದನ್ನು ಮೇ 28ಕ್ಕೆ ಮುಂದೂಡಬೇಕಾಯಿತು. ಆಗ ಕೊಟ್ಟ ಒಂಬತ್ತು ದೇಶಗಳಲ್ಲಿ ಭಾರತ ಇರಲಿಲ್ಲ. ನಮ್ಮಲ್ಲಿ ಅದು ಅಧಿಕೃತವಾಗಿ ಮಾರಾಟಕ್ಕೆ ಬಂದದ್ದು 2011ರ ಜನವರಿ ಕೊನೆಯಲ್ಲಿ, ಅಂದರೆ ಸುಮಾರು ಹತ್ತು ತಿಂಗಳ ಮೇಲೆ. ಮುಂದಿನ ಮಾದರಿ ಐಪ್ಯಾಡ್ 2 ಅಮೆರಿಕದಲ್ಲಿ 2011ರ ಮಾರ್ಚ್ 11ರಂದು, ಇಲ್ಲಿ ಏಪ್ರಿಲ್ 29ರಂದು ಬಂತು. ಹತ್ತು ತಿಂಗಳ ಅಂತರ ಏಳು ವಾರಕ್ಕೆ ಇಳಿಯಿತು. ಈಗ ಅಂತರ ಇನ್ನೂ ಕಿರಿದಾಗಿರುವುದರಿಂದಲೇ ಮೂರು ವಾರ ನಮಗೆ ದೀರ್ಘವಾಗಿ ತೋರುತ್ತದೆ.

ಹಾಗಿದ್ದರೆ ಮೊದಲೇ ಹೆಚ್ಚು ತಯಾರಿಸಿಡಬಾರದೇಕೆ ಎಂದು ನೀವು ಕೇಳಬಹುದು. ಹಾಗೆ ಮಾಡಿ ಕೈಸುಟ್ಟುಕೊಂಡವರ ನೆನಪು ಈ ಉದ್ಯಮದಲ್ಲಿ ಗಟ್ಟಿಯಾಗಿದೆ. ಎಚ್‌ಪಿ ಕಂಪನಿ 2011ರ ಜುಲೈನಲ್ಲಿ 499 ಡಾಲರಿಗೆ ತಂದ ಟಚ್‌ಪ್ಯಾಡ್ ಎಂಬ ಟ್ಯಾಬ್ ಮಾರಾಟವಾಗದೆ, ಏಳು ವಾರಗಳಲ್ಲೇ ಅದನ್ನು ನಿಲ್ಲಿಸಿ, ಉಳಿದದ್ದನ್ನು 99 ಡಾಲರಿಗೆ ಖಾಲಿ ಮಾಡಿತು. (499ಕ್ಕೆ ಯಾರಿಗೂ ಬೇಡವಾಗಿದ್ದ ವಸ್ತು 99ಕ್ಕೆ ಇಳಿದೊಡನೆ ಎಲ್ಲಿಯೂ ಸಿಗದಾಯಿತು, ಬೇಡಿಕೆ ಬೆಲೆಯ ನೆರಳು ಎಂಬುದಕ್ಕೆ ಇದಕ್ಕಿಂತ ಸರಳ ಪಾಠ ನನಗೆ ತಿಳಿಯದು.) ಬ್ಲ್ಯಾಕ್‌ಬೆರಿಯ ಕಂಪನಿ ಅದೇ ವರ್ಷ ಮಾರಾಟವಾಗದೆ ಉಳಿದ ಪ್ಲೇಬುಕ್ ಟ್ಯಾಬ್‌ಗಳ ಸಲುವಾಗಿ 48.5 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಮೈಕ್ರೋಸಾಫ್ಟ್ 2013ರಲ್ಲಿ ಸರ್ಫೇಸ್ ಆರ್‌ಟಿ ಟ್ಯಾಬ್‌ಗಾಗಿ ಬರೆದುಕೊಂಡದ್ದು 90 ಕೋಟಿ ಡಾಲರ್. ಗಿರಾಕಿ ಮೂರು ವಾರ ಕಾದರೆ ಕಂಪನಿಗೆ ಸ್ವಲ್ಪ ಬೈಗುಳ ಬೀಳುತ್ತದೆ, ಮಾಲು ಉಳಿದರೆ ಬುಡವೇ ಅಲುಗಾಡುತ್ತದೆ. ಎರಡರಲ್ಲಿ ಯಾವುದನ್ನು ಆರಿಸುತ್ತಾರೆಂದು ಹೇಳಬೇಕಾಗಿಲ್ಲ. ಮೊದಲ ದಿನ ‘ಖಾಲಿಯಾಯಿತು’ ಎಂಬ ಸುದ್ದಿ ಅವರಿಗೆ ಪುಕ್ಕಟೆ ಜಾಹೀರಾತಾಗುತ್ತದೆ ಎಂಬುದೂ ನಿಜವೇ, ಆದರೆ ಅದನ್ನೇ ಕಾರಣವೆನ್ನಲು ನಾನು ಒಪ್ಪುವುದಿಲ್ಲ.

ಇನ್ನು ಬೆಂಗಳೂರಿಗೆ ಮೊದಲು, ನಿಮಗೆ ಆಮೇಲೆ ಏಕೆ? ಬಂದ ಅಷ್ಟಿಷ್ಟು ಮಾಲು ಆನ್‌ಲೈನ್ ಮಾರಾಟಕ್ಕೂ ದೊಡ್ಡ ನಗರಗಳ ಮಳಿಗೆಗಳಿಗೂ ಹಂಚಿಹೋಗಿ, ಉಳಿದದ್ದು ವಿತರಕರ ಮೂಲಕ ಜಿಲ್ಲಾ ಕೇಂದ್ರಗಳಿಗೆ ಬರುತ್ತದೆ. ಅದರಲ್ಲಿಯೂ ಒಂದೇ ಮಾದರಿಗೆ ಎರಡು ಬಣ್ಣ, ಎರಡು ಮೆಮೊರಿ, ಸಿಮ್ ಇರುವುದು ಇಲ್ಲದಿರುವುದು ಎಂದು ಎಂಟು ಬಗೆಯಾಗುತ್ತವೆ. ಅಂಗಡಿಗೆ ನಾಲ್ಕು ಪೆಟ್ಟಿಗೆ ಬಂದಿದ್ದರೂ ನೀವು ಕೇಳಿದ್ದು ಅದರಲ್ಲಿ ಇಲ್ಲದಿರಬಹುದು. ಮಗಳು ಬಣ್ಣದ ವಿಷಯದಲ್ಲಿ ಹಟ ಬಿಟ್ಟರೆ ಈ ವಾರವೇ ಸಿಕ್ಕೀತು. ಮುಂಗಡದ ರಸೀದಿಯಲ್ಲಿ ಮಾದರಿ, ಮೆಮೊರಿ, ಒಟ್ಟು ಬೆಲೆ, ಕೊಡುವ ದಿನಾಂಕ ಬರೆಸಿಕೊಳ್ಳದಿದ್ದರೆ ಈಗಲಾದರೂ ಬರೆಸಿಕೊಳ್ಳಿ. ಒಪ್ಪಿದ ಅವಧಿ ಮೀರಿ ಸರಬರಾಜನ್ನು ತಡಮಾಡಿ, ಅದರಿಂದ ಬೆಲೆ ಏರುವಂತಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ನಿರ್ಬಂಧಕ ವ್ಯಾಪಾರ ಪದ್ಧತಿ, ಅಂದರೆ ಗಿರಾಕಿಯ ಕೈ ಕಟ್ಟಿಹಾಕುವ ವ್ಯಾಪಾರವಾಗುತ್ತದೆ. ಆದರೆ ಒಪ್ಪಿದ ಅವಧಿ ಎಷ್ಟು ಎಂಬುದಕ್ಕೆ ಕಾಗದ ಬೇಕಲ್ಲ.

ಪ್ರಶ್ನೆ: ಟ್ಯಾಬ್ ಇದೆ, ಆದರೆ ಕವರ್, ಗ್ಲಾಸ್, ಇಯರ್‌ಫೋನ್ ಸೇರಿಸಿ ಕೊಂಡರೆ ಮಾತ್ರ ಕೊಡುತ್ತೇವೆ ಎನ್ನುತ್ತಾರೆ. ಇನ್ನೊಂದು ಕಡೆ ಎಂಆರ್‌ಪಿಗಿಂತ 1,500 ರೂಪಾಯಿ ಹೆಚ್ಚು ಕೇಳಿದರು. ಏನು ಮಾಡಬೇಕು?
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ಎರಡನ್ನೂ ಒಪ್ಪಬೇಡಿ. ಎಂಆರ್‌ಪಿ ಮೀರಿ ಮಾರುವುದು ಕಾನೂನುಮಾಪನ ಶಾಸ್ತ್ರದ (ತೂಕ, ಅಳತೆಗಳಿಗೆ ಸಂಬಂಧಿಸಿದ) ನಿಯಮಗಳ ಪ್ರಕಾರ ಅಪರಾಧ. ಒಂದು ವಸ್ತುವನ್ನು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂದು ಷರತ್ತು ಹಾಕುವುದನ್ನು ಮೇಲೆ ಹೇಳಿದ ಗ್ರಾಹಕ ಸಂರಕ್ಷಣಾ ಕಾಯ್ದೆಯೇ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಹೆಸರಿಸಿದೆ. ಬೆಲೆಯನ್ನು ನೇರವಾಗಿ ಏರಿಸಲಾಗದ ವ್ಯಾಪಾರಿ ಅದನ್ನು ಕವರಿನೊಳಗೆ ಅಡಗಿಸಿ ಏರಿಸುವ ಉಪಾಯವಿದು. ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಡಿ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಶುಲ್ಕವಿಲ್ಲ. ಬಿಲ್ ಇಲ್ಲದೆ ಇದ್ಯಾವುದೂ ನಡೆಯದು.

ಪ್ರಶ್ನೆ: ನನ್ನದು ಚಿಕ್ಕ ಮೊಬೈಲ್ ಅಂಗಡಿ. ಹೊಸ ಟ್ಯಾಬ್ ಕೇಳಿಕೊಂಡು ಎರಡು ವಾರದಲ್ಲಿ ಇಪ್ಪತ್ತು ಜನ ಬಂದರು. ವಿತರಕರು ಕೇಳಿದ್ದರಲ್ಲಿ ಅರ್ಧವೂ ಕೊಡುವುದಿಲ್ಲವಾದ್ದರಿಂದ ನಲವತ್ತಕ್ಕೆ ಆರ್ಡರ್ ಹಾಕಲೇ?
— ಓದುಗರು, ಇಳಕಲ್

ಉತ್ತರ: ಬೇಡ. ಆ ಇಪ್ಪತ್ತು ಜನರಲ್ಲಿ ಅರ್ಧದಷ್ಟು ಮಂದಿ ಹುನಗುಂದದಲ್ಲಿಯೋ ಕುಷ್ಟಗಿಯಲ್ಲಿಯೋ ಕೇಳಿ ಬಂದವರಿರುತ್ತಾರೆ. ಒಬ್ಬನೇ ಗಿರಾಕಿ ಮೂರು ಅಂಗಡಿಗಳ ಲೆಕ್ಕದಲ್ಲಿ ಮೂವರಾಗುತ್ತಾನೆ. ಮೂರೂ ಅಂಗಡಿಯವರು ಒಂದಕ್ಕೆ ಎರಡು ಬರೆದರೆ ವಿತರಕನಿಗೆ ಆರು ಕಾಣುತ್ತದೆ, ಆತನೂ ಒಂದಿಷ್ಟು ಸೇರಿಸಿ ಮೇಲಕ್ಕೆ ಕಳುಹಿಸುತ್ತಾನೆ, ಕಾರ್ಖಾನೆ ಅದನ್ನು ನಂಬಿ ತಯಾರಿಸುತ್ತದೆ. ಎರಡು ತಿಂಗಳ ಮೇಲೆ ಎಲ್ಲ ಮಾಲೂ ಒಮ್ಮೆಗೇ ಬಂದು ಬೀಳುವ ಹೊತ್ತಿಗೆ ಆ ಒಬ್ಬ ಗಿರಾಕಿ ಎಲ್ಲಿಂದಲೋ ಒಂದನ್ನು ಕೊಂಡು ಮನೆಯಲ್ಲಿರುತ್ತಾನೆ. ಕೊರತೆಯ ಕಾಲದ ಆರ್ಡರುಗಳು ಮುಂದಿನ ಅತಿಯಾದ ದಾಸ್ತಾನಿಗೆ ಬೀಜವಾಗುವುದು ಹೀಗೆ.

ಕಂಪನಿಗೆ ಮಾಲು ಏಕೆ ಸಾಲದಾಯಿತೆಂಬುದನ್ನು ನಿಮ್ಮ ಊರಿನ ನೇಕಾರರು ನಮಗಿಂತ ಚೆನ್ನಾಗಿ ಹೇಳಬಲ್ಲರು. ಒಡಲಿನ ನೂಲು ಎಷ್ಟೇ ಸಿದ್ಧವಿದ್ದರೂ ಸೆರಗಿನ ರೇಷ್ಮೆ ಬರದಿದ್ದರೆ ಸೀರೆ ಮಗ್ಗದಿಂದ ಇಳಿಯುವುದಿಲ್ಲ. ಟ್ಯಾಬ್‌ಗೂ ಪರದೆಯೊಂದು, ಮೆಮೊರಿ ಚಿಪ್ಪೊಂದು ಸಾಲದಿದ್ದರೆ ಉಳಿದದ್ದೆಲ್ಲ ಇದ್ದೂ ಪ್ರಯೋಜನವಿಲ್ಲ. ಮೇಲಾಗಿ ಟ್ಯಾಬ್‌ಗಳ ಆಮದಿಗೆ ಪರವಾನಗಿ ಬೇಕೆಂದು ಕೇಂದ್ರ ಸರ್ಕಾರ 2023ರ ಆಗಸ್ಟ್ 3ರಂದು ಆದೇಶ ಹೊರಡಿಸಿ, ಮರುದಿನವೇ ಅದನ್ನು ಅಕ್ಟೋಬರ್ ಕೊನೆಯವರೆಗೆ ಮುಂದೂಡಿ, ನವೆಂಬರಿನಿಂದ ಆಮದಿಗೆ ಮುಂಚಿತ ಅನುಮತಿ ಪಡೆಯುವ ವ್ಯವಸ್ಥೆಯನ್ನು ತಂದದ್ದು ನಿಮಗೆ ನೆನಪಿರಬಹುದು. ನಿಮ್ಮ ನಲವತ್ತರ ಆರ್ಡರ್ ಇಂಥ ಯಾವ ಗಂಟನ್ನೂ ಬಿಚ್ಚುವುದಿಲ್ಲ. ಮುಂಗಡ ಕೊಟ್ಟವರನ್ನು ಮಾತ್ರ ಎಣಿಸಿ, ಅವರಿಗಿಂತ ಒಂದೆರಡು ಹೆಚ್ಚು ತರಿಸಿ. ಕಂಪನಿ ಬೆಲೆ ಇಳಿಸಿದರೆ ಉಳಿದ ಮಾಲಿನ ವ್ಯತ್ಯಾಸವನ್ನು ಕಟ್ಟಿಕೊಡುತ್ತಾರೆಯೇ ಎಂಬುದನ್ನು ವಿತರಕರಿಂದ ಮೊದಲೇ ಬರೆಸಿಕೊಳ್ಳಿ.

ಪ್ರಶ್ನೆ: ‘ಆಕಾಶ್’ ಟ್ಯಾಬ್‌ಗೆ ಅಷ್ಟು ಜನ ಬುಕ್ ಮಾಡಿದ್ದರೂ ಅದು ಏಕೆ ಕೈಗೂಡಲಿಲ್ಲ? ನಮ್ಮ ವಿದ್ಯಾರ್ಥಿಗಳಿಗೆ ಹೇಳಲು ಬೇಕಾಗಿದೆ.
— ಪ್ರೌಢಶಾಲಾ ಶಿಕ್ಷಕರು, ಜಮಖಂಡಿ

ಉತ್ತರ: 2011ರ ಅಕ್ಟೋಬರ್ 5ರಂದು ಆಗಿನ ಕೇಂದ್ರ ಸಚಿವ ಕಪಿಲ್ ಸಿಬಲ್ ಅವರು ವಿದ್ಯಾರ್ಥಿಗಳಿಗಾಗಿ ಬಿಡುಗಡೆ ಮಾಡಿದ ಅಗ್ಗದ ಟ್ಯಾಬ್ ಆಕಾಶ್ ಅನ್ನು ಡೇಟಾವಿಂಡ್ ಎಂಬ ಕಂಪನಿ ಒದಗಿಸಬೇಕಾಗಿತ್ತು. ಸರ್ಕಾರದ ಮೊದಲ ಬೇಡಿಕೆ 1 ಲಕ್ಷ. ಅದರದೇ ಮಾರುಕಟ್ಟೆಯ ರೂಪಕ್ಕೆ 2,999 ರೂಪಾಯಿ ಎಂದು ಪ್ರಕಟವಾದಾಗ ಬುಕಿಂಗ್ ಹತ್ತು ಲಕ್ಷ ದಾಟಿತು. ಚಿಕ್ಕ ಕಂಪನಿಯೊಂದು ಅಷ್ಟನ್ನು ಕೂಡಲೇ ತಯಾರಿಸುವುದು ಆಗದ ಮಾತಾಗಿತ್ತು. 366 ಮೆಗಾಹರ್ಟ್ಸ್‌ನ ನಿಧಾನಗತಿಯ ಪ್ರೊಸೆಸರ್ ಮತ್ತು ಒತ್ತಿದರೆ ಮಾತ್ರ ಕೆಲಸ ಮಾಡುವ ಪರದೆಯನ್ನು ಕೈಯಲ್ಲಿ ಹಿಡಿದು ನೋಡಿದವರ ಉತ್ಸಾಹವೂ ಬೇಗ ಇಳಿಯಿತು. 2012ರ ನವೆಂಬರಿನಲ್ಲಿ ಸುಧಾರಿಸಿದ ಆಕಾಶ್ 2 ಬಂತಾದರೂ ಅಷ್ಟರಲ್ಲಿ ಅದೇ ಬೆಲೆಯ ಆಸುಪಾಸಿನಲ್ಲಿ ಬೇರೆ ಟ್ಯಾಬ್‌ಗಳು ಅಂಗಡಿಗೆ ಇಳಿದಿದ್ದವು.

ವಿದ್ಯಾರ್ಥಿಗಳಿಗೆ ಇದರ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ತೋರಿಸಿ. ಕೋವಿಡ್ ಕಾಲದಲ್ಲಿ, 2021ರ ಜೂನ್‌ನಲ್ಲಿ, ಕರ್ನಾಟಕ ಸರ್ಕಾರ ಸರ್ಕಾರಿ ಪದವಿ, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸುಮಾರು 1.55 ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ ವಿತರಣೆಯನ್ನು ಆರಂಭಿಸಿತು. ಅಲ್ಲಿ ಬೇಡಿಕೆಯೆಂದರೆ ಹಾಜರಿ ಪುಸ್ತಕದಲ್ಲಿದ್ದ ತಲೆಗಳ ಎಣಿಕೆ. ಆಕಾಶ್‌ನಲ್ಲಿ ಬೇಡಿಕೆಯೆಂದು ಎಣಿಸಿದ್ದು ಜನರ ಆಸೆಯನ್ನು. ಕೊಳ್ಳುವ ಮನಸ್ಸು, ಕೊಳ್ಳುವ ಹಣ ಎರಡೂ ಸೇರಿದ್ದಕ್ಕೆ ಮಾತ್ರ ಅರ್ಥಶಾಸ್ತ್ರದಲ್ಲಿ ಬೇಡಿಕೆ ಎಂಬ ಹೆಸರು.

ಪ್ರಶ್ನೆ: ದೀಪಾವಳಿಯವರೆಗೆ ಕಾದರೆ ಟ್ಯಾಬ್ ಅಗ್ಗವಾಗುತ್ತದೆಯೇ? ಜಿಎಸ್‌ಟಿಯೂ ಇಳಿದಿದೆಯಂತಲ್ಲ?
— ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: 2025ರ ಸೆಪ್ಟೆಂಬರ್ 22ರಿಂದ ಶೇ 28ರಿಂದ 18ಕ್ಕೆ ಇಳಿದದ್ದು ದೊಡ್ಡ ಟಿ.ವಿ., ಎ.ಸಿ. ಮುಂತಾದವುಗಳ ತೆರಿಗೆ, ಟ್ಯಾಬ್‌ಗೆ ಮೊದಲೂ 18 ಇತ್ತು, ಆಮೇಲೂ 18 ಇದೆ. ಕಾಯುವುದರಿಂದ ಲಾಭವಾಗುವುದು ಬೇರೆ ಕಾರಣಕ್ಕೆ. ಬಿಡುಗಡೆಯ ಬೆಲೆ ಅವಸರದವರಿಗಾಗಿ ಇಟ್ಟ ಬೆಲೆ. ಭಾರತಕ್ಕೆ 2011ರ ಜೂನ್‌ನಲ್ಲಿ 27,990 ರೂಪಾಯಿಗೆ ಬಂದ ಪ್ಲೇಬುಕ್, ವರ್ಷ ಮುಗಿಯುವುದರೊಳಗೆ 13,490ಕ್ಕೆ ಇಳಿದಿತ್ತು. ಅಷ್ಟು ದೊಡ್ಡ ಇಳಿಕೆ ಎಲ್ಲ ಮಾದರಿಗಳಿಗೂ ಬರುವುದಿಲ್ಲ, ಚೆನ್ನಾಗಿ ಮಾರಾಟವಾಗುವುದಕ್ಕಂತೂ ಬರುವುದೇ ಇಲ್ಲ. 2025ರ ಕೊನೆಯಿಂದ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳುತ್ತಿರುವುದರಿಂದ ಅವುಗಳ ದರ ಏರಿದೆ ಎಂಬುದನ್ನೂ ಗಮನದಲ್ಲಿಡಿ. ಓದಲು, ಪಾಠದ ವಿಡಿಯೊ ನೋಡಲು ಸಾಕೆಂದರೆ, ಹೊಸದು ಬಿಡುಗಡೆಯಾದ ವಾರವೇ ಅದರ ಹಿಂದಿನ ಮಾದರಿಯನ್ನು ಕೇಳಿ ನೋಡಿ. ಅಂಗಡಿಯವನಿಗೆ ಅದನ್ನು ಸಾಗಹಾಕುವ ಆತುರವಿರುತ್ತದೆ.

ಪ್ರಶ್ನೆ: ಕೊಲ್ಲಾಪುರದಲ್ಲಿ ತೆರಿಗೆ ಕಡಿಮೆಯೆಂದು ಹೇಳುತ್ತಾರೆ. ಅಲ್ಲಿಂದಲೇ ತರಬಹುದೇ?
— ಓದುಗರು, ನಿಪ್ಪಾಣಿ

ಉತ್ತರ: ಜಿಎಸ್‌ಟಿ ದರ ಮಹಾರಾಷ್ಟ್ರದಲ್ಲಿಯೂ ಅಷ್ಟೇ. ಅಲ್ಲಿ ಮಾಲು ಎರಡು ದಿನ ಮೊದಲು ಬಂದಿದ್ದರೆ ಧಾರಾಳವಾಗಿ ತನ್ನಿ. ಬೆಲೆಯೂ ಕಡಿಮೆಯೆಂದು ಹೇಳಿದರೆ ಮಾತ್ರ ಪೆಟ್ಟಿಗೆಯ ಸೀಲನ್ನು, ವಾರಂಟಿಯನ್ನು, ಬಿಲ್ಲನ್ನು ಇನ್ನೊಮ್ಮೆ ನೋಡಿಕೊಳ್ಳಿ.