ರಕ್ತನಾಳದಲ್ಲಿ ತಡೆ ಇಲ್ಲವೆಂದರೆ ಎದೆನೋವು ಬಂದದ್ದೇಕೆ?

ಪ್ರಶ್ನೆ: ನನ್ನ ತಾಯಿಗೆ 64 ವರ್ಷ. ಕಳೆದ ತಿಂಗಳು ಕಣದಲ್ಲಿ ಕಾಫಿ ಹರವುತ್ತಿದ್ದಾಗ ಅವರ ತಮ್ಮ ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಅರ್ಧ ಗಂಟೆಯೊಳಗೆ ಎದೆಯ ಮೇಲೆ ಕಲ್ಲು ಹೇರಿದಂತಾಗಿದೆ ಎಂದು ಮೂಟೆಗೆ ಒರಗಿ ಕುಳಿತರು, ಮೈಯೆಲ್ಲ ಬೆವರಿತ್ತು. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ನೋಡಿ ಹೃದಯಾಘಾತವೆಂದು ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಹಾಸನಕ್ಕೆ ಕಳುಹಿಸಿದರು. ಅಲ್ಲಿ ಆಂಜಿಯೋಗ್ರಾಂನಲ್ಲಿ ತಡೆ ಕಾಣಲಿಲ್ಲ, ಇದು ‘ಟಕೋಟ್ಸುಬೊ’ ಎಂದರು. ಮೊದಲ ವೈದ್ಯರು ತಪ್ಪಿದರೇ? ಇದು ಬರೀ ಮನಸ್ಸಿನದು, ಮಾತ್ರೆ ಬೇಡ ಎಂದು ನೆಂಟರು ಹೇಳುತ್ತಿದ್ದಾರೆ. ಮತ್ತೆ ಹೀಗಾದರೆ ಯಾವುದೆಂದು ಗುರುತಿಸುವುದು ಹೇಗೆ?
– ಓದುಗರೊಬ್ಬರು, ಸಕಲೇಶಪುರ ತಾಲ್ಲೂಕು

ಉತ್ತರ: ತಾಲ್ಲೂಕು ಆಸ್ಪತ್ರೆಯ ವೈದ್ಯರು ತಪ್ಪಲಿಲ್ಲ. ಟಕೋಟ್ಸುಬೊ ಎಂದರೆ ರಕ್ತನಾಳದಲ್ಲಿ ತಡೆ ಇಲ್ಲದೆಯೇ ಹೃದಯದ ಸ್ನಾಯು ಕೆಲಕಾಲ ಸೋಲುವ ಕಾಯಿಲೆ. ಅದರಲ್ಲೂ ಎದೆನೋವು, ಉಬ್ಬಸ, ಬೆವರು ಹೃದಯಾಘಾತದಲ್ಲಿ ಬರುವಂತೆಯೇ ಬರುತ್ತವೆ. ಇಸಿಜಿಯ ಗೆರೆ ಅದೇ ರೀತಿ ಏರಬಹುದು, ಹೃದಯದ ಸ್ನಾಯುವಿಗೆ ಪೆಟ್ಟಾದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನ್ ಕೂಡ ಹೆಚ್ಚುತ್ತದೆ. ಆಂಜಿಯೋಗ್ರಾಂ ಸೌಲಭ್ಯ ಹತ್ತಿರವಿಲ್ಲದ ಕಡೆ ಅಂಥ ಇಸಿಜಿಯನ್ನು ಕಂಡ ವೈದ್ಯರು ಹೃದಯಾಘಾತವೆಂದೇ ಭಾವಿಸಿ ಇಂಜೆಕ್ಷನ್ ಕೊಡಬೇಕಾಗುತ್ತದೆ, ಏಕೆಂದರೆ ನಿಜವಾದ ಹೃದಯಾಘಾತದಲ್ಲಿ ರಕ್ತ ತಲುಪದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ.

ಹಾಗಾದರೆ ಹಾಸನದಲ್ಲಿ ವ್ಯತ್ಯಾಸ ತಿಳಿದದ್ದು ಹೇಗೆ? ತಡೆ ಇಲ್ಲ ಎಂಬುದೊಂದೇ ಇಲ್ಲಿ ಸಾಲದು. ಇಂಜೆಕ್ಷನ್ ಕೊಟ್ಟ ಮೇಲೆ ಹೆಪ್ಪು ಕರಗಿಹೋಗಿ ರಕ್ತನಾಳ ತೆರವಾಗಿ ಕಾಣುವುದೂ ಉಂಟು. ಅದಕ್ಕೇ ಹೃದಯದ ಎಡ ಕೆಳಕೋಣೆ ಹೇಗೆ ಮಿಡಿಯುತ್ತಿದೆ ಎಂಬುದನ್ನು ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್) ನೋಡುತ್ತಾರೆ. ಹೃದಯಾಘಾತದಲ್ಲಿ ಒಂದು ರಕ್ತನಾಳ ಕಟ್ಟಿಕೊಂಡು, ಅದು ರಕ್ತ ಉಣಿಸುವ ಭಾಗವಷ್ಟೇ ಸೋಲುತ್ತದೆ. ಟಕೋಟ್ಸುಬೊದಲ್ಲಿ ಸೋತ ಭಾಗ ಒಂದೇ ನಾಳದ ಎಲ್ಲೆಗೆ ನಿಲ್ಲುವುದಿಲ್ಲ. ಸಾಮಾನ್ಯವಾಗಿ ಕೋಣೆಯ ತುದಿಯೆಲ್ಲ ಕುಗ್ಗದೆ ಉಬ್ಬಿ ನಿಂತು, ಮೇಲಿನ ಭಾಗ ಮಾತ್ರ ಬಿಗಿಯಾಗಿ ಹಿಂಡಿಕೊಳ್ಳುತ್ತದೆ. ಕಿರಿದಾದ ಕೊರಳು, ಉಬ್ಬಿದ ಹೊಟ್ಟೆಯ ತಂಬಿಗೆಯನ್ನು ನೆನೆದರೆ ಆ ಚಿತ್ರ ಕಣ್ಣಿಗೆ ಕಟ್ಟುತ್ತದೆ. 1990ರಲ್ಲಿ ಇದನ್ನು ಮೊದಲು ವಿವರಿಸಿದ ಜಪಾನಿನ ವೈದ್ಯರು, ತಮ್ಮ ಬೆಸ್ತರು ಆಕ್ಟೋಪಸ್ ಹಿಡಿಯಲು ಬಳಸುವ ಅಂಥದೇ ಮಡಕೆಯ ಹೆಸರನ್ನು ಇದಕ್ಕೆ ಇಟ್ಟರು. ಹೃದಯಸ್ನಾಯುವಿನ ಉರಿಯೂತವೂ ಹೀಗೆ ಕಾಣಿಸಬಹುದಾದ್ದರಿಂದ, ಸಂಶಯ ಉಳಿದರೆ ಎಂಆರ್‌ಐ ಮಾಡಿಸುತ್ತಾರೆ.

ನೆಂಟರ ಮಾತನ್ನು ದಯವಿಟ್ಟು ಒಪ್ಪಬೇಡಿ. ದುಃಖ, ಭಯ ಥಟ್ಟನೆ ಎರಗಿದಾಗ ಅಡ್ರಿನಲಿನ್‌ನಂಥ ಹಾರ್ಮೋನುಗಳು ರಕ್ತಕ್ಕೆ ನುಗ್ಗಿ ಹೃದಯದ ಸ್ನಾಯುವನ್ನೇ ಕೆಲಕಾಲ ಮರಗಟ್ಟಿಸುತ್ತವೆ ಎಂಬುದು ಈಗಿನ ಪ್ರಮುಖ ವಿವರಣೆ. ಕಾರಣ ಮನಸ್ಸಿನದಿರಬಹುದು, ಪೆಟ್ಟು ಮಾತ್ರ ಹೃದಯದ ಮೇಲೆ ನಿಜವಾಗಿ ಬಿದ್ದಿದೆ. ಮೊದಲ ದಿನಗಳಲ್ಲಿ ಶ್ವಾಸಕೋಶದಲ್ಲಿ ನೀರು ತುಂಬುವುದು, ಮಿಡಿತ ತಾಳ ತಪ್ಪುವುದು, ಉಬ್ಬಿದ ತುದಿಯಲ್ಲಿ ಹೆಪ್ಪು ಕಟ್ಟುವುದು ಸಾಧ್ಯ, ಸಾವೂ ಸಂಭವಿಸುತ್ತದೆ. ಈ ಕಾಯಿಲೆ ಬಂದವರಲ್ಲಿ ಸುಮಾರು ಶೇ. 90ರಷ್ಟು ಮಂದಿ ಮಹಿಳೆಯರು, ಅದರಲ್ಲೂ ಹೆಚ್ಚಿನವರು ಮುಟ್ಟು ನಿಂತವರು. ದೊಡ್ಡ ಶಸ್ತ್ರಚಿಕಿತ್ಸೆ, ತೀವ್ರ ಉಬ್ಬಸದಂಥ ದೈಹಿಕ ಆಘಾತದಿಂದಲೂ ಇದು ಬರುತ್ತದೆ. ಕೆಲವರಲ್ಲಿ ಯಾವ ಕಾರಣವೂ ಸಿಗುವುದಿಲ್ಲ. ಆದ್ದರಿಂದ ‘ಮನಸ್ಸು ಗಟ್ಟಿ ಮಾಡಿಕೊಳ್ಳಬೇಕಿತ್ತು’ ಎಂದು ಯಾರೂ ತಾಯಿಯವರನ್ನು ಆಡಿಕೊಳ್ಳದಂತೆ ನೀವು ನೋಡಿಕೊಳ್ಳಬೇಕು. ತಮ್ಮನನ್ನು ಕಳೆದುಕೊಂಡವರಿಗೆ ಆ ಮಾತು ಇನ್ನೊಂದು ಪೆಟ್ಟು.

ಹೆಚ್ಚಿನವರಲ್ಲಿ ಹೃದಯದ ಬಲ ಕೆಲವು ವಾರಗಳಲ್ಲಿ ಮರಳುತ್ತದೆ. ಮರಳಿದ್ದನ್ನು ಎಕೋದಲ್ಲಿ ಕಂಡಾಗಲೇ ರೋಗನಿರ್ಣಯವೂ ಗಟ್ಟಿಯಾಗುವುದರಿಂದ, ಅಲ್ಲಿನ ವೈದ್ಯರು ಹೇಳಿದ ದಿನಕ್ಕೆ ತಾಯಿಯವರನ್ನು ತಪ್ಪದೆ ಹಾಸನಕ್ಕೆ ಕರೆದೊಯ್ಯಿರಿ. ಅಲ್ಲಿಯವರೆಗೆ ವೈದ್ಯರನ್ನು ಕೇಳದೆ ಒಂದು ಮಾತ್ರೆಯನ್ನೂ ನಿಲ್ಲಿಸಬೇಡಿ.

ನಿಮ್ಮ ಕೊನೆಯ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಮನೆಯಲ್ಲಿ ಗುರುತಿಸಲು ಸಾಧ್ಯವಿಲ್ಲ, ಪ್ರಯತ್ನಿಸಲೂ ಬಾರದು. ದುಃಖದ ಸುದ್ದಿ ನಿಜವಾದ ಹೃದಯಾಘಾತಕ್ಕೂ ಕಾರಣವಾಗಬಲ್ಲದು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಏನೂ ತೊಂದರೆಯಿಲ್ಲದವರೂ ಪರೀಕ್ಷೆಗೆಂದು ಆಸ್ಪತ್ರೆಗಳ ಮುಂದೆ ಸಾಲು ನಿಂತರು. ಆದರೆ ನೋವು ಬಂದಾಗ ಗ್ಯಾಸ್ ಎಂದುಕೊಂಡು ಜೀರಿಗೆ ಕಷಾಯ ಕುಡಿಸುತ್ತ ಕಾಯುವುದು ಇನ್ನೂ ನಿಂತಿಲ್ಲವೆಂಬುದೇ ನನಗಿರುವ ಚಿಂತೆ. ಮತ್ತೆ ನೋವು ಬಂದರೆ 108ಕ್ಕೆ ಕರೆ ಮಾಡಿ, ಹತ್ತಿರದ ಇಸಿಜಿ ಇರುವ ಆಸ್ಪತ್ರೆಗೆ ಮೊದಲು ತಲುಪಿಸಿ. ಈ ಸಲದ ಇಸಿಜಿ, ಆಂಜಿಯೋಗ್ರಾಂ ಸಿ.ಡಿ. ಮತ್ತು ಬಿಡುಗಡೆ ಪತ್ರವನ್ನು ಒಂದೇ ಕವರಿನಲ್ಲಿಟ್ಟು, ತೋಟದ ಮನೆಯಲ್ಲಿ ಇರುವವರಿಗೆಲ್ಲ ಅದರ ಜಾಗ ತೋರಿಸಿಡಿ.