ಮೇಷ್ಟ್ರನ್ನು ಕೇಳಿ: ಹೆಂಚು ಇಳಿಸುವ ಮುಂಚೆ

ಪ್ರಶ್ನೆ: ಮೇಷ್ಟ್ರೇ, ನಾನು ಓದಿದ್ದು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯ ಹೆಂಚಿನ ಶಾಲೆಯಲ್ಲಿ. ಈ ಬೇಸಿಗೆ ರಜೆಯಲ್ಲಿ ಅದನ್ನು ಕೆಡವಿ ಆರ್‌ಸಿಸಿ ಕೋಣೆ ಕಟ್ಟುತ್ತಾರಂತೆ. ಕೇಳಿದಾಗಿನಿಂದ ಏನೋ ಸಂಕಟ. ಕೆಡವಬೇಡಿ ಅಂತ ಅರ್ಜಿ ಕೊಡೋಣವಾ? ಇಲ್ಲ, ಒಂದು ಸಲ ನೋಡಿ ಬಂದರೆ ಸಾಕಾ? "ಎರಡು ಕೋಣೆ ನೋಡೋಕೆ ನೂರು ಕಿಲೋಮೀಟರ್ ಹೋಗ್ತೀರಾ?" ಅಂತ ಮನೆಯವಳು ನಗುತ್ತಾಳೆ.
– ಓದುಗ, ಬೆಂಗಳೂರು

ಉತ್ತರ: ಅರ್ಜಿ ಬೇಡ ಸ್ವಾಮಿ. ಮಳೆ ಬಂದಾಗ ಆ ಹೆಂಚಿನ ಕೆಳಗೆ ಕೂರುವುದು ನೀವಲ್ಲ. ಅಂಥ ಕೋಣೆಗಳಲ್ಲೇ ಪಾಠ ಮಾಡಿದವನು ನಾನು. ಸೋರುವ ಕಡೆ ಬಕೆಟ್ ಇಟ್ಟು, ಮಕ್ಕಳನ್ನು ಒಂದು ಮೂಲೆಗೆ ಸರಿಸಿ, ಟಪ್ ಟಪ್ ಸದ್ದಿನ ಜೊತೆಗೇ ಮಗ್ಗಿ ಹೇಳಿಸುತ್ತಿದ್ದೆ. ಕೋತಿ ಹಿಂಡು ಬಂದರಂತೂ ಮುಗೀತು. ಮಂಗಳೂರು ಹೆಂಚು ನೋಡೋಕೆ ಚೆಂದ. ವರ್ಷಕ್ಕೊಮ್ಮೆ ಕೈಯಾಡಿಸೋರು ಬೇಕಲ್ವಾ?

ಆದರೆ ಹೋಗಿ ಬನ್ನಿ. ಭಾನುವಾರ ಹೋದರೆ ಬೀಗ ನೋಡಿಕೊಂಡು ಬರುತ್ತೀರಿ. ಶನಿವಾರ ಹೋಗಿ. ಅವತ್ತು ಬೆಳಗಿನ ಶಾಲೆ, ಬಿಡುವ ಹೊತ್ತಿಗೆ ಸರಿಯಾಗಿ ಅಲ್ಲಿದ್ದರೆ ಪಾಠಕ್ಕೂ ತೊಂದರೆಯಿಲ್ಲ, ಮೇಷ್ಟ್ರೂ ಮಾತಿಗೆ ಸಿಗುತ್ತಾರೆ. ಮುಂಚೆಯೇ ಫೋನ್ ಮಾಡಿ ಹೇಳಿ. ಏಪ್ರಿಲ್ 10ರ ಹೊತ್ತಿಗೆ ರಜೆ ಶುರುವಾಗುತ್ತೆ, ಅದರೊಳಗೆ ಆಗಲಿ. ಬಿಸ್ಕತ್ತು ಹಂಚಿ ಮಕ್ಕಳ ಜೊತೆ ಸೆಲ್ಫಿ ತೆಗೆಯೋ ಕೆಲಸ ಮಾತ್ರ ಬೇಡ.

ಗೋಡೆ, ಕಿಟಕಿ ಎಲ್ಲಾ ನೋಡಿದ ಮೇಲೆ ಇನ್ನೊಂದು ಕೇಳಿ: ದಾಖಲಾತಿ ಪುಸ್ತಕ. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ನಾನು ನನ್ನ ಶಾಲೆಗೆ ಹೋದದ್ದು ಒಂದು ವಾರ ತಡವಾಗಿ.

ನಮ್ಮೂರು ಶ್ರೀನಿವಾಸಪುರದ ಕಡೆ. ಮನೇಲಿ ತೆಲುಗು, ಶಾಲೇಲಿ ಕನ್ನಡ. ಹಾಜರಿ ಕೂಗಿದಾಗ "ವಚ್ಚಾನು ಸಾರ್" ಅಂದು ಮೊದಲ ದಿನವೇ ಕಿವಿ ಹಿಂಡಿಸಿಕೊಂಡವನು ನಾನು. 2018ರಲ್ಲಿ ನಿವೃತ್ತಿಯಾಗಿ, ಪುರುಸೊತ್ತು ಸಿಕ್ಕಿತು ಅಂತ ಜೂನ್‌ನಲ್ಲಿ ಹೋದರೆ ಹೆಂಚೆಲ್ಲ ಇಳಿಸಿ ಹೊಂಗೆ ಮರದ ಬುಡದಲ್ಲಿ ಜೋಡಿಸಿದ್ದರು. ಒಂದೇ ಒಂದು ಗೋಡೆ ಉಳಿದಿತ್ತು. ಅದರಲ್ಲಿ ಸಿಮೆಂಟು ಮೆತ್ತಿ ಕಪ್ಪು ಬಳಿದ ಬೋರ್ಡು, ಅದರ ಮೇಲೆ ಆಕಾಶ. ಅಮೆರಿಕದಿಂದ ಕೇರ್ ಅನ್ನೋ ನೆರವು ಸಂಸ್ಥೆಯವರು ಕಳಿಸುತ್ತಿದ್ದ ಹಳದಿ ರವೆಯಲ್ಲಿ ನಮಗೆ ಉಪ್ಪಿಟ್ಟು ಮಾಡಿಕೊಡುತ್ತಿದ್ದರು. ಆ ಒಲೆ ಇದ್ದ ಮೂಲೆ ಯಾವುದು ಅಂತ ಎಷ್ಟು ಸುತ್ತಿದರೂ ಗೊತ್ತಾಗಲಿಲ್ಲ.

ಶಾಲೆ ಆಗ ಸಮುದಾಯ ಭವನದಲ್ಲಿ ನಡೆಯುತ್ತಿತ್ತು. ಅಲ್ಲಿನ ಟೀಚರಮ್ಮ ನನ್ನ ಮುಖ ನೋಡಿ, ಏನೂ ಹೇಳದೆ, ಬೀರುವಿನಿಂದ ಒಂದು ಉದ್ದನೆ ಪುಸ್ತಕ ತೆಗೆದು ಕೈಗಿಟ್ಟರು. ರಟ್ಟಿಗೆ ಕೆಂಪು ಬಟ್ಟೆ ಅಂಟಿಸಿತ್ತು. ಸಿಕ್ಕಿತು ನನ್ನ ಸಾಲು. ಹುಟ್ಟಿದ ತಾರೀಖು ಜೂನ್ 1, 1958. ಆ ಪುಟದಲ್ಲಿ ಹನ್ನೊಂದು ಮಕ್ಕಳಿಗೂ ಜೂನ್ 1! ಅಪ್ಪನಿಗೆ ನೆನಪಿದ್ದದ್ದು ಆ ವರ್ಷ ಹುಣಸೆ ಚೆನ್ನಾಗಿ ಬಂದಿತ್ತು ಅಂತ ಅಷ್ಟೇ. ಮಿಕ್ಕಿದ್ದು ಮೇಷ್ಟ್ರು ಬರೆದುಕೊಂಡರು. ಆ ತಾರೀಖಿನ ಲೆಕ್ಕದಲ್ಲೇ ಸರ್ಕಾರ ನನ್ನನ್ನು ಮೇ 31ಕ್ಕೆ ಮನೆಗೆ ಕಳಿಸಿತ್ತು.

ಎರಡು ಪುಟ ಹಿಂದೆ ಅಕ್ಕನ ಹೆಸರು. ಶಾಲೆ ಬಿಟ್ಟ ಕಾರಣ ಅನ್ನುವ ಕಡೆ "ಮನೆಗೆಲಸ" ಅಂತ ಬರೆದಿತ್ತು. ಬಿಟ್ಟ ತಾರೀಖು ನೋಡಿದೆ. 1964ರ ಜೂನ್. ನಾನು ಸೇರಿದ ತಿಂಗಳು. ಅಲ್ಲಿಯವರೆಗೂ ಅವಳಿಗೆ ಓದು ಹತ್ತಲಿಲ್ಲ ಅಂತಲೇ ತಿಳಿದಿದ್ದೆ. ಮನೇಲಿ ಎಲ್ಲರೂ ಹಾಗೇ ಹೇಳುತ್ತಿದ್ದರು. ಸಂಜೆ ಫೋನ್ ಮಾಡಿ ಕೇಳಿದರೆ ನಕ್ಕುಬಿಟ್ಟಳು. "ಇಬ್ಬರೂ ಹೋಗಿದ್ರೆ ಹಸು ಯಾರೋ ನೋಡ್ಕೋತಿದ್ರು?"

ಹೆಂಡತಿಯನ್ನೂ ಕರೆದುಕೊಂಡು ಹೋಗಿ. ದಾರಿಯಲ್ಲಿ ಮುಳಬಾಗಿಲು ದೋಸೆ ಕೊಡಿಸಿದರೆ ನಗೋದು ನಿಲ್ಲಿಸುತ್ತಾರೆ.

ಪ್ರಶ್ನೆ: ನಮ್ಮ ಹಳ್ಳಿ ಶಾಲೆಯಲ್ಲಿ ಈಗ ಒಂಬತ್ತೇ ಮಕ್ಕಳು. ಪಕ್ಕದ ಊರಿನ ಶಾಲೆಗೆ ಸೇರಿಸುವ ಮಾತು ನಡೆದಿದೆ. ಹಳೇ ವಿದ್ಯಾರ್ಥಿಗಳು ಸೇರಿ ಸುಣ್ಣಬಣ್ಣ ಮಾಡಿಸಿದರೆ ಉಳಿಯುತ್ತಾ?
– ಓದುಗ, ಚಿಂತಾಮಣಿ

ಉತ್ತರ: ಬಣ್ಣಕ್ಕೆ ಮಕ್ಕಳು ಬರಲ್ಲ. ಊರಿನ ಮಕ್ಕಳು ಬೆಳಿಗ್ಗೆ ಎಂಟಕ್ಕೆ ಹಳದಿ ವ್ಯಾನ್ ಹತ್ತಿ ಎಲ್ಲಿಗೆ ಹೋಗುತ್ತಾರೆ ನೋಡಿ, ಉತ್ತರ ಅಲ್ಲಿದೆ. ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಕಿರಿಯ ಪ್ರಾಥಮಿಕ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು. 1ರಿಂದ 3ನೇ ತರಗತಿಯವರು ನಲಿ-ಕಲಿ ಅಂತ ಒಂದೇ ಕೋಣೆಯಲ್ಲಿ ಕೂರುತ್ತಾರೆ. ಒಬ್ಬರು ಮೀಟಿಂಗಿಗೆ ಹೋದರೆ ಇಡೀ ಶಾಲೆಗೆ ಇನ್ನೊಬ್ಬರೇ ಗತಿ. ಪೋಷಕರಿಗೆ ಇದೇ ಭಯ. ಬಣ್ಣದ ದುಡ್ಡಿನಲ್ಲಿ ಊರಿನ ಓದಿದ ಹುಡುಗಿಯೊಬ್ಬಳಿಗೆ ತಿಂಗಳಿಗಿಷ್ಟು ಅಂತ ಕೊಟ್ಟು, ಇಂಗ್ಲಿಷ್ ಹೇಳಿಕೊಡಿಸುವ ವಿಷಯ ಎಸ್‌ಡಿಎಂಸಿ, ಅಂದರೆ ಶಾಲೆ ನೋಡಿಕೊಳ್ಳುವ ಪೋಷಕರ ಸಮಿತಿಯವರ ಜೊತೆ ಮಾತಾಡಿ. ಅಂದಹಾಗೆ, ನಿಮ್ಮ ಮಕ್ಕಳು ಎಲ್ಲಿ ಓದುತ್ತಿದ್ದಾರೆ? ಸುಮ್ನೆ ಕೇಳಿದೆ.

ಪ್ರಶ್ನೆ: ಗ್ರಾಮೀಣ ಮೀಸಲಾತಿಗೆ ವ್ಯಾಸಂಗ ಪ್ರಮಾಣಪತ್ರ ಬೇಕು. ನಾನು ಓದಿದ ಶಾಲೆಯೇ ಮುಚ್ಚಿಹೋಗಿದೆ. ಯಾರನ್ನು ಕೇಳಲಿ?
– ಓದುಗಿ, ತುಮಕೂರು

ಉತ್ತರ: ಶಾಲೆ ಮುಚ್ಚಿದರೂ ದಾಖಲಾತಿ ಪುಸ್ತಕ ಎಸೆಯಲ್ಲಮ್ಮ. ಮಕ್ಕಳನ್ನು ಸೇರಿಸಿದ ಪಕ್ಕದ ಶಾಲೆಯಲ್ಲಿ ಮೊದಲು ವಿಚಾರಿಸಿ. ಅಲ್ಲಿ ಇಲ್ಲದಿದ್ದರೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ. ಸೇರಿದ ವರ್ಷ, ಅಪ್ಪನ ಹೆಸರು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಹುಡುಕೋರಿಗೆ ಸುಲಭ. ಊಟದ ಹೊತ್ತಿಗೆ ಮಾತ್ರ ಹೋಗಬೇಡಿ.